ನಿಮ್ಮ ಬೆಲೆ ಬೇರೆ, ನನ್ನ ಬೆಲೆ ಬೇರೆ: ಆರ್ಕೆಸ್ಟ್ರಾ ಲೈಬ್ರರಿಗಳ ಅಪ್‌ಗ್ರೇಡ್ ಲೆಕ್ಕ

ಒಂದೇ ದಿನ, ಒಂದೇ ಲೈಬ್ರರಿ, ಮೂರು ಜನಕ್ಕೆ ಮೂರು ಬೆಲೆ. ಆರ್ಕೆಸ್ಟ್ರಾ ಸ್ಯಾಂಪಲ್ ಲೈಬ್ರರಿ, ಅಂದರೆ ಕಂಪ್ಯೂಟರಿನಲ್ಲಿ ನುಡಿಸಲು ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸ್ವರಗಳ ಗಂಟು, ಮಾರುವ ಕಡೆ ಇದು ಮಾಮೂಲು. ಲಾಗಿನ್ ಆಗದೆ ನೋಡಿದವರಿಗೆ ಪೂರ್ತಿ ಬೆಲೆ ಕಾಣುತ್ತದೆ. ಅದೇ ಕಂಪನಿಯ ಸಣ್ಣ ಎಡಿಷನ್ ಇಟ್ಟುಕೊಂಡವರಿಗೆ ಅದಕ್ಕಿಂತ ಕಡಿಮೆ. ಬೇರೆ ಎರಡು ಲೈಬ್ರರಿ ಮೊದಲೇ ಕೊಂಡವರಿಗೆ ಮತ್ತೊಂದು ಅಂಕಿ. ಮೇಲೆ ಸೇಲ್ ಬಂತು ಅಂದರೆ ಮೂರೂ ಅಂಕಿ ಪುನಃ ಬದಲು. ಹಾಗಾಗಿ "ಇದಕ್ಕೆ ಎಷ್ಟು?" ಅಂತ ಯಾರಾದರೂ ಕೇಳಿದರೆ ನೇರ ಉತ್ತರ ಇಲ್ಲ. "ನಿಮ್ಮ ಹತ್ತಿರ ಈಗ ಏನೇನಿದೆ, ಯಾವಾಗ ತಗೊಳ್ತೀರಿ?" ಅಂತ ತಿರುಗಿ ಕೇಳಬೇಕು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಕೆಲಸ ಮಾಡುವವರು ಈಗ ಸಿಗುತ್ತಾರೆ. ತತ್ವಪದ, ಜಾತ್ರೆ ಹಾಡು, ಕಿರುಚಿತ್ರದ ಹಿನ್ನೆಲೆ ಸಂಗೀತ, ಸಂಸ್ಥೆಗಳ ಪ್ರಚಾರದ ವಿಡಿಯೊ, ಬಂದದ್ದೆಲ್ಲ ಮಾಡುತ್ತಾರೆ. ತಬಲಾ, ಹಾರ್ಮೋನಿಯಂ, ದಮ್ಮಡಿ ಬಾರಿಸುವವರು ಊರಲ್ಲೇ ಇದ್ದಾರೆ. ಆದರೆ "ಹಿಂದ ಸಿನಿಮಾದಂಗ ದೊಡ್ಡ ವಯಲಿನ್ ಬರಬೇಕ್ರಿ" ಅಂತ ಹಾಡು ಮಾಡಿಸುವವರು ಕೇಳಿದಾಗ ನಲವತ್ತು ಜನ ವಯಲಿನ್ ನುಡಿಸುವವರನ್ನು ಎಲ್ಲಿಂದ ತರುವುದು? ಅಲ್ಲಿಗೆ ಬರುವುದೇ ಈ ಲೈಬ್ರರಿಗಳು.

ಗೊತ್ತಿಲ್ಲದವರಿಗೆ ಎರಡು ಮಾತು. ನಿಜವಾದ ವಾದ್ಯಗಾರರನ್ನು ಒಂದು ಒಳ್ಳೆಯ ಹಾಲ್‌ನಲ್ಲಿ ಕೂರಿಸಿ ಒಂದೊಂದೇ ಸ್ವರವನ್ನು ನುಡಿಸಿ ರೆಕಾರ್ಡ್ ಮಾಡುತ್ತಾರೆ. ಅದೇ ಸ್ವರ ಮೆತ್ತಗೆ, ಮಧ್ಯಮವಾಗಿ, ಜೋರಾಗಿ. ಎಳೆದು ನುಡಿಸಿದ್ದು, ತುಂಡು ಮಾಡಿ ನುಡಿಸಿದ್ದು, ತಂತಿ ಮೀಟಿದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಶಬ್ದವೂ ಬೇರೆಯಾಗಿ. ಇಷ್ಟನ್ನೂ ಹತ್ತಿರ ಇಟ್ಟ ಮೈಕಿನಲ್ಲಿ, ದೂರ ಇಟ್ಟ ಮೈಕಿನಲ್ಲಿ, ಹಾಲಿನ ತುದಿಯ ಮೈಕಿನಲ್ಲಿ ಒಟ್ಟಿಗೇ ಹಿಡಿಯುತ್ತಾರೆ. ಆಮೇಲೆ ಸಾವಿರಾರು ತುಣುಕುಗಳನ್ನು ಕತ್ತರಿಸಿ, ಸರಿಪಡಿಸಿ, ಕೀಬೋರ್ಡಿನ ಮನೆಗಳಿಗೆ ಜೋಡಿಸುತ್ತಾರೆ. ನೀವು ಕೀ ಒತ್ತಿದರೆ ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ನುಡಿಸಿದ್ದು ನಿಮ್ಮ ಸ್ಪೀಕರಿನಲ್ಲಿ ಕೇಳುತ್ತದೆ.

ಬೆಲೆಯ ಗುಟ್ಟು ಇರುವುದು ಇಲ್ಲಿಯೇ. ಖರ್ಚೆಲ್ಲ ಮೊದಲೇ ಆಗಿಹೋಗುತ್ತದೆ. ಹಾಲಿನ ಬಾಡಿಗೆ, ವಾದ್ಯಗಾರರ ಸಂಭಾವನೆ, ಎಂಜಿನಿಯರು, ತಿಂಗಳುಗಟ್ಟಲೆ ಎಡಿಟಿಂಗ್, ಎಲ್ಲ ಮುಗಿದ ಮೇಲೆ ಒಂದು ಪ್ರತಿ ಜಾಸ್ತಿ ಮಾರಲು ಕಂಪನಿಗೆ ಹೆಚ್ಚೆಂದರೆ ಡೌನ್‌ಲೋಡ್ ಸರ್ವರಿನ ಖರ್ಚು. ನಮ್ಮೂರಿನ ದಾಲ್ ಮಿಲ್ಲಿನವರು ಬೇಳೆಯನ್ನು ಅರ್ಧ ಬೆಲೆಗೆ ಕೊಟ್ಟರೆ ಒಂದು ಸೀಸನ್ ಕೂಡ ನಿಲ್ಲಲಾರರು, ಯಾಕೆಂದರೆ ಪ್ರತಿ ಕಿಲೊ ಬೇಳೆಗೂ ತೊಗರಿ ಕೊಂಡೇ ತರಬೇಕು. ಲೈಬ್ರರಿ ಕಂಪನಿಗೆ ಆ ತಾಪತ್ರಯ ಇಲ್ಲ. ಹಾಗಾಗಿ ಅವರು 40 ಪರ್ಸೆಂಟ್, 50 ಪರ್ಸೆಂಟ್ ಬಿಡುವುದು ನಷ್ಟದ ಮಾತೂ ಅಲ್ಲ, ದಾನವೂ ಅಲ್ಲ. ಅವರ ಮುಂದೆ ಇರುವ ಪ್ರಶ್ನೆ ಬೇರೆ: ಯಾರು ಎಷ್ಟು ಕೊಡಬಲ್ಲರು?

ಮುಂಬೈನಲ್ಲಿ ಸಿನಿಮಾಕ್ಕೆ ಕೆಲಸ ಮಾಡುವವರಿಗೆ ನಾಳೆಯೇ ಬೇಕು, ಪೂರ್ತಿ ಬೆಲೆ ಕೊಡುತ್ತಾರೆ. ಹವ್ಯಾಸಕ್ಕೆ ಮಾಡುವವರು ನವೆಂಬರ್ ತನಕ ಕಾಯುತ್ತಾರೆ. ವಿದ್ಯಾರ್ಥಿಗೆ ಜೇಬಿನಲ್ಲಿ ದುಡ್ಡಿಲ್ಲ, ಆದರೆ ಇನ್ನು ಹತ್ತು ವರ್ಷಕ್ಕೆ ಒಳ್ಳೆಯ ಗಿರಾಕಿ. ಈಗಾಗಲೇ ಒಂದು ಕೊಂಡವರು ಇನ್ನೊಂದು ಕೊಳ್ಳುವ ಸಾಧ್ಯತೆ ಜಾಸ್ತಿ. ಎಲ್ಲರಿಗೂ ಒಂದೇ ಬೆಲೆ ಇಟ್ಟರೆ ಈ ನಾಲ್ವರಲ್ಲಿ ಯಾರೋ ಒಬ್ಬರು ಕೈತಪ್ಪುತ್ತಾರೆ. ಅದಕ್ಕೇ ನಾಲ್ಕು ಬಾಗಿಲು: ಪೂರ್ತಿ ಬೆಲೆ, ಸೇಲ್ ಬೆಲೆ, ವಿದ್ಯಾರ್ಥಿ ಬೆಲೆ, ಅಪ್‌ಗ್ರೇಡ್ ಬೆಲೆ. ಇವುಗಳಲ್ಲಿ ಜನ ಹೆಚ್ಚು ಎಡವುವುದು ಕೊನೆಯದರಲ್ಲಿ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಅಪ್‌ಡೇಟ್ ಅಂದರೆ ನಿಮ್ಮಲ್ಲಿ ಇರುವುದರ ಹೊಸ ವರ್ಷನ್. ಲೈಬ್ರರಿ ನುಡಿಸುವ ಸಾಫ್ಟ್‌ವೇರ್ ಕಾಂಟ್ಯಾಕ್ಟ್ 7 ಇದ್ದವರು ಕಾಂಟ್ಯಾಕ್ಟ್ 8ಕ್ಕೆ ಹೋಗುವುದು ಇದಕ್ಕೆ ಉದಾಹರಣೆ. ಅಪ್‌ಗ್ರೇಡ್ ಅಂದರೆ ಸಣ್ಣದರಿಂದ ದೊಡ್ಡದಕ್ಕೆ ಏರುವುದು. ಸ್ಪಿಟ್‌ಫೈರ್ ಕಂಪನಿಯ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿ ಇದಕ್ಕೆ ಒಳ್ಳೆಯ ಮಾದರಿ. 2019ರಲ್ಲಿ ಬಂದದ್ದು ಒಂದೇ ದೊಡ್ಡ ಎಡಿಷನ್. 2020ರಲ್ಲಿ ಅದನ್ನು ಡಿಸ್ಕವರ್, ಕೋರ್, ಪ್ರೊಫೆಷನಲ್ ಅಂತ ಮೂರು ಮೆಟ್ಟಿಲು ಮಾಡಿದರು. ಡಿಸ್ಕವರ್ ಬರೀ 200 ಎಂಬಿ. ಪ್ರೊಫೆಷನಲ್ ಸುಮಾರು 600 ಜಿಬಿ. ಡಿಸ್ಕವರ್ ಬಂದಾಗ 49 ಡಾಲರ್ ಕೊಟ್ಟು ಕೊಳ್ಳಬಹುದಿತ್ತು, ಇಲ್ಲವೇ ಒಂದು ಪ್ರಶ್ನಾವಳಿ ತುಂಬಿ 14 ದಿನ ಕಾದರೆ ಪುಕ್ಕಟೆ ಸಿಗುತ್ತಿತ್ತು. ಬುದ್ಧಿವಂತರ ಕೆಲಸ ಅಂದರೆ ಇದು. ಪುಕ್ಕಟೆ ಕೊಟ್ಟದ್ದು ಮೊದಲ ಮೆಟ್ಟಿಲು. ಅಲ್ಲಿ ಮಾಡಿದ ಹಾಡಿನ ಪ್ರಾಜೆಕ್ಟನ್ನು ಮುಂದಿನ ಎಡಿಷನ್‌ನಲ್ಲಿ ತೆರೆಯುವ ಹಾಗೆ ಮಾಡಿಟ್ಟಿದ್ದಾರೆ. ಒಮ್ಮೆ ಕಾಲಿಟ್ಟವರು ಮೇಲೆ ನೋಡಲೇಬೇಕು, ಅಲ್ವಾ?

ಕ್ರಾಸ್‌ಗ್ರೇಡ್ ಅಂದರೆ ಪಕ್ಕದ ಸಾಮಾನಿಗೆ ಹೋಗುವಾಗ ಸಿಗುವ ರಿಯಾಯಿತಿ. ಸಿನಿಮ್ಯಾಟಿಕ್ ಸ್ಟುಡಿಯೊ ಸೀರೀಸ್‌ನವರು ತಂತಿವಾದ್ಯದ ಲೈಬ್ರರಿ ಕೊಂಡವರಿಗೆ ಹಿತ್ತಾಳೆ ವಾದ್ಯದ್ದು, ಊದುವ ವಾದ್ಯದ್ದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಹಳೇ ಗಿರಾಕಿಗೆ ಮರ್ಯಾದೆ ಇದು. ಇನ್ನು ಬಂಡಲ್ ಪೂರ್ತಿ ಮಾಡಿಕೊಳ್ಳುವ ಬೆಲೆ. ಐದು ಲೈಬ್ರರಿಗಳ ಗಂಟಿನಲ್ಲಿ ಮೂರು ನಿಮ್ಮಲ್ಲಿದ್ದರೆ, ಉಳಿದ ಎರಡಕ್ಕೆ ಮಾತ್ರ ಬಂಡಲ್ ದರದಲ್ಲಿ ದುಡ್ಡು. ಬರ್ಲಿನ್ನಿನ ಆರ್ಕೆಸ್ಟ್ರಲ್ ಟೂಲ್ಸ್ ಇದನ್ನು ಇನ್ನೂ ಸಣ್ಣದಾಗಿ ಒಡೆದಿದೆ. ಅಲ್ಲಿ ಹಲವು ಕಲೆಕ್ಷನ್‌ಗಳಿಂದ ಒಂದೇ ಕೊಳಲನ್ನೋ ಒಂದೇ ಚೆಲ್ಲೊವನ್ನೋ ಬಿಡಿಯಾಗಿ ಕೊಳ್ಳಬಹುದು. ಮುಂದೆ ಪೂರ್ತಿ ಕಲೆಕ್ಷನ್ ಬೇಕು ಅನಿಸಿದಾಗ ಬಿಡಿಯಾಗಿ ಕೊಂಡದ್ದನ್ನು ಕಳೆದು ಉಳಿದದ್ದು ಕೊಟ್ಟರೆ ಸಾಕು. ನಮ್ಮಂಥ ಸಣ್ಣ ಕೆಲಸದವರಿಗೆ ಇದು ನನಗೆ ಬಹಳ ಹಿಡಿಸಿದ ಪದ್ಧತಿ. ಭಜನೆಗೆ ಒಂದು ಕೊಳಲು ಸಾಕಾಗಿರುವಾಗ ಟಿಂಪನಿ, ಟ್ಯೂಬಾ ಕಟ್ಟಿಕೊಂಡು ಏನು ಮಾಡುವುದು?

ಈಗ ಲೆಕ್ಕ. ಅಂಕಿಗಳು ತಿಳಿಯಲಿ ಅಂತ ನಾನೇ ಇಟ್ಟುಕೊಂಡದ್ದು, ಯಾವ ಕಂಪನಿಯದೂ ಅಲ್ಲ. ಸಣ್ಣ ಎಡಿಷನ್ 100 ಡಾಲರ್, ದೊಡ್ಡದು 400. ಸಣ್ಣದರಿಂದ ದೊಡ್ಡದಕ್ಕೆ ಏರಲು ವ್ಯತ್ಯಾಸ 300. ಸೇಲ್ ಬಂದರೆ ಎಲ್ಲದಕ್ಕೂ 40 ಪರ್ಸೆಂಟ್ ಕಡಿತ.

ಸೇಲ್‌ನಲ್ಲಿ ದೊಡ್ಡದನ್ನೇ ನೇರವಾಗಿ ಕೊಂಡರೆ 240. ಸರಿ. ಬದಲಿಗೆ ಸಣ್ಣದನ್ನು ಈ ಸೇಲ್‌ನಲ್ಲಿ 60ಕ್ಕೆ ಕೊಂಡು, ಮುಂದಿನ ಸೇಲ್‌ನಲ್ಲಿ 180 ಕೊಟ್ಟು ಏರಿದರೆ? ಒಟ್ಟು 240. ಒಂದು ಡಾಲರ್ ಕೂಡ ಜಾಸ್ತಿ ಇಲ್ಲ. ನಡುವೆ ಆರು ತಿಂಗಳು ಸಣ್ಣದನ್ನು ಬಳಸಿ ನೋಡಿದ್ದೂ ಆಯಿತು, 180 ಡಾಲರ್ ನಿಮ್ಮ ಹತ್ತಿರವೇ ಉಳಿದದ್ದೂ ಆಯಿತು. ಎಷ್ಟೋ ಸಲ ಆರು ತಿಂಗಳಾದ ಮೇಲೆ ದೊಡ್ಡದು ಬೇಡವೇ ಬೇಡ ಅನಿಸುತ್ತದೆ.

ಸೇಲ್ ಇಲ್ಲ, ಆದರೆ ನಾಳೆ ಹಾಡು ಕೊಡಬೇಕು. ಸಣ್ಣದನ್ನು ಪೂರ್ತಿ 100 ಕೊಟ್ಟು ಕೊಂಡಿರಿ, ಆಮೇಲೆ ಸೇಲ್‌ನಲ್ಲಿ 180ಕ್ಕೆ ಏರಿದಿರಿ. ಒಟ್ಟು 280. ಅವಸರದ ದಂಡ ಬರೀ 40 ಡಾಲರ್. ಇದನ್ನೇ ತಿರುವಿ ಹಾಕಿ. ಸಣ್ಣದನ್ನು ಸೇಲ್‌ನಲ್ಲಿ 60ಕ್ಕೆ ಕೊಂಡಿರಿ, ಆದರೆ ಅಪ್‌ಗ್ರೇಡಿಗೆ ಕಾಯಲಾಗದೆ 300 ಕೊಟ್ಟಿರಿ. ಒಟ್ಟು 360. ದಂಡ 120. ಅಂದರೆ ಸಣ್ಣ ಎಡಿಷನ್ ಕೊಳ್ಳುವಾಗ ಅವಸರ ಮಾಡಿದರೂ ನಡೆಯುತ್ತದೆ. ತಾಳ್ಮೆ ಬೇಕಾದದ್ದು ಅಪ್‌ಗ್ರೇಡಿನಲ್ಲಿ. ಬಹಳ ಜನ ಮಾಡುವುದು ಇದರ ಉಲ್ಟಾ. ಮೊದಲ ಸಾಮಾನಿಗೆ ವರ್ಷಗಟ್ಟಲೆ ಕಾದು, ಕೈಗೆ ಬಂದ ಮರುವಾರವೇ "ಇನ್ನೊಂದು ಸ್ವಲ್ಪ ಹಾಕಿದರೆ ದೊಡ್ಡದೇ ಬರುತ್ತದಲ್ಲ" ಅಂತ ಶುರು ಮಾಡುತ್ತಾರೆ.

ಇಷ್ಟೆಲ್ಲ ಸರಿಹೋಗುವುದು ಅಪ್‌ಗ್ರೇಡ್ ಬೆಲೆಯೂ ಸೇಲ್‌ಗೆ ಒಳಪಟ್ಟರೆ ಮಾತ್ರ. ಕೆಲವು ಸೇಲ್‌ಗಳಲ್ಲಿ ಹೊಸಬರಿಗೆ ಮಾತ್ರ ಕಡಿತ ಇರುತ್ತದೆ, ಅಪ್‌ಗ್ರೇಡ್ ಹಾಗೇ 300ರಲ್ಲಿ ನಿಂತಿರುತ್ತದೆ. ಆಗ ಏನಾಗುತ್ತದೆ ನೋಡಿ. ಏನೂ ಇಲ್ಲದವರಿಗೆ ದೊಡ್ಡ ಎಡಿಷನ್ 240ಕ್ಕೆ, ಸಣ್ಣದನ್ನು ಕೊಂಡು ನಂಬಿ ಬಂದ ನಿಮಗೆ 300ಕ್ಕೆ! ಇದನ್ನು ಹಿಡಿಯುವ ಉಪಾಯ ಸುಲಭ. ಅದೇ ಪುಟವನ್ನು ಒಮ್ಮೆ ಲಾಗಿನ್ ಆಗಿ, ಒಮ್ಮೆ ಲಾಗಿನ್ ಆಗದೆ ತೆರೆಯಿರಿ. ಎರಡು ಅಂಕಿ ಪಕ್ಕಪಕ್ಕ ಬರೆದುಕೊಳ್ಳಿ. ಪೂರ್ತಿ ಲೈಬ್ರರಿಯೇ ಅಗ್ಗ ಇದ್ದರೆ ಅದನ್ನೇ ಕೊಳ್ಳಿ, ಯಾರೂ ತಡೆಯುವುದಿಲ್ಲ.

ಬಂಡಲ್‌ನ ಲೆಕ್ಕ ಇನ್ನೂ ಮೋಜಿನದು. ತಲಾ 200 ಡಾಲರಿನ ಐದು ಲೈಬ್ರರಿ, ಬಿಡಿಯಾಗಿ ಒಟ್ಟು 1,000. ಬಂಡಲ್ ಬೆಲೆ 600. ನಿಮ್ಮಲ್ಲಿ ಮೂರು ಇವೆ. ಉಳಿದ ಎರಡಕ್ಕೆ ಬಂಡಲ್ ದರದಲ್ಲಿ 240. ಪುಟದ ಮೇಲೆ ದಪ್ಪ ಅಕ್ಷರದಲ್ಲಿ "1,000 ಡಾಲರಿನದು ನಿಮಗೆ ಬರೀ 240ಕ್ಕೆ" ಅಂತ ಬರುತ್ತದೆ. ಓದಿದವರ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅದರಲ್ಲಿ 600 ಡಾಲರಿನ ಸಾಮಾನು ನಿಮ್ಮದೇ, ಆಗಲೇ ದುಡ್ಡು ಕೊಟ್ಟಾಗಿದೆ. ನಿಜವಾದ ಹೋಲಿಕೆ 400 ಡಾಲರಿನ ಎರಡು ಲೈಬ್ರರಿ 240ಕ್ಕೆ ಅಂತ. ಬಿಡಿ ಲೈಬ್ರರಿಗಳಿಗೆ 50 ಪರ್ಸೆಂಟ್ ಸೇಲ್ ಬಂದ ದಿನ ಅದೇ ಎರಡು 200ಕ್ಕೆ ಸಿಗುತ್ತವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಎರಡರಲ್ಲಿ ನಿಮಗೆ ಬೇಕಾದದ್ದು ಒಂದೇ ಆಗಿದ್ದರೆ 100ಕ್ಕೆ ಕೆಲಸ ಮುಗಿಯಿತು.

ಬಂಡಲನ್ನು ಕಂಪನಿಯ ಸ್ವಂತ ಸೈಟ್ ಬಿಟ್ಟು ಬೇರೆ ಮಾರಾಟಗಾರರಿಂದ ಕೊಳ್ಳುವಾಗಲೂ ಹುಷಾರು. ನಿಮ್ಮ ಖಾತೆಯಲ್ಲಿ ಏನಿದೆ ಅಂತ ಆ ಅಂಗಡಿಗೆ ಗೊತ್ತಿರುವುದಿಲ್ಲ. ಇದ್ದದ್ದನ್ನೇ ಮತ್ತೊಮ್ಮೆ ಕೊಂಡ ಹಾಗಾಗುತ್ತದೆ.

ಈಗ ದುಡ್ಡಿನ ಮಾತು ಸ್ವಲ್ಪ ಪಕ್ಕಕ್ಕಿಟ್ಟು, ಏರಿದರೆ ಏನು ಸಿಗುತ್ತದೆ ಅಂತ ನೋಡಬೇಕು. ಶಹಾಪುರದಿಂದ ಒಬ್ಬ ಹುಡುಗ ಆಗಾಗ ಫೋನ್ ಮಾಡುತ್ತಿರುತ್ತಾನೆ. ಒಳ್ಳೆಯ ಕೈ, ಹಾರ್ಮೋನಿಯಂ ಮೇಲೆ ಕೂತರೆ ಎದ್ದೇಳುವುದಿಲ್ಲ.

"ಅಣ್ಣಾ, ನನ್ನ ಹತ್ರ ಕೋರ್ ಅದ. ಪ್ರೊ ಸೇಲ್‌ನ್ಯಾಗ ಬಂದದ. ತಗೋಬೇಕೇನ್ರಿ?"

"ಪ್ರೊದಾಗ ಏನು ಜಾಸ್ತಿ ಅದ, ನೋಡಿದಿ?"

"ಮೈಕ್ ಭಾಳ ಅವಲ್ರಿ. ಇಪ್ಪತ್ತು ಅವ ಅಂತ."

"ಈಗ ಮಾಡಿದ ಹಾಡು ಜನ ಎದರಾಗ ಕೇಳ್ತಾರ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊಬೈಲ್‌ನ್ಯಾಗ್ರಿ. ಜಾತ್ರ್ಯಾಗ ಹಾರ್ನ್‌ದಾಗ."

ಮೇಲೆ ಹೇಳಿದ ಬಿಬಿಸಿ ಲೈಬ್ರರಿಯ ಕೋರ್ ಎಡಿಷನ್‌ನಲ್ಲಿ ಎಂಜಿನಿಯರು ಮೊದಲೇ ಹದ ಮಾಡಿಟ್ಟ ಒಂದೇ ಮಿಕ್ಸ್ ಇದೆ. ಪ್ರೊಫೆಷನಲ್‌ನಲ್ಲಿ ಇಪ್ಪತ್ತು ಮೈಕ್, ಮಿಕ್ಸ್ ಸಿಗ್ನಲ್‌ಗಳಿವೆ. ಸಿನಿಮಾ ಮಂದಿರದ ಸರೌಂಡ್ ಸೌಂಡಿಗೆ ಮಿಕ್ಸ್ ಮಾಡುವವರಿಗೆ ಅವು ಬೇಕೇ ಬೇಕು. ಹಿಂದಿನ ಸ್ಪೀಕರಿಗೆ ದೂರದ ಮೈಕು, ಮುಂದಿನದಕ್ಕೆ ಹತ್ತಿರದ ಮೈಕು ಅಂತ ಹಂಚಬಹುದು. ಆದರೆ ಜಾತ್ರೆಯ ಹಾರ್ನ್ ಸ್ಪೀಕರಿನಲ್ಲಿ ಊದಿಬರುವ ಹಾಡಿಗೆ ಹಾಲಿನ ಹಿಂಬದಿಯ ಮೈಕು ಹಾಕಿದ್ದು ಯಾರಿಗೆ ಕೇಳಿಸಬೇಕು? ಮೇಲಾಗಿ ಒಂದೊಂದು ಮೈಕ್ ತೆರೆದಾಗಲೂ ರ್‍ಯಾಮ್ ತಿನ್ನುತ್ತದೆ, ಡಿಸ್ಕ್ ಮೇಲೆ ಹೊರೆ ಬೀಳುತ್ತದೆ. ಅವನ 8 ಜಿಬಿ ಲ್ಯಾಪ್‌ಟಾಪಿಗೆ ಕೋರ್ ಎಳೆಯುವುದೇ ಕಷ್ಟ.

ಇದು ಒಂದೇ ಕಂಪನಿಯ ಕಥೆ ಅಲ್ಲ. ಈಸ್ಟ್‌ವೆಸ್ಟ್‌ನ ಹಾಲಿವುಡ್ ಸರಣಿಯಲ್ಲಿ ಗೋಲ್ಡ್ ಅಂದರೆ 16 ಬಿಟ್ (ಬಿಟ್ ಜಾಸ್ತಿ ಆದಷ್ಟು ಶಬ್ದದ ವಿವರ ಜಾಸ್ತಿ), ಒಂದೇ ಮೈಕು. ಡೈಮಂಡ್ ಅಂದರೆ 24 ಬಿಟ್, ಹಲವು ಮೈಕು. ವಿಯೆನ್ನಾ ಸಿಂಫನಿಕ್ ಲೈಬ್ರರಿ ಕಂಪನಿಯ ಸಿಂಕ್ರಾನ್ ಸರಣಿಯಲ್ಲಿ ಸ್ಟ್ಯಾಂಡರ್ಡ್, ಫುಲ್ ಅಂತ ಎರಡು. ಅಲ್ಲಿಯೂ ಫುಲ್‌ನಲ್ಲಿ ಜಾಸ್ತಿ ಸಿಗುವುದು ಮುಖ್ಯವಾಗಿ ಮೈಕುಗಳೇ. ವಾದ್ಯಗಾರರು ಅವರೇ, ನುಡಿಸಿದ್ದೂ ಅದೇ. ನನ್ನ ಅಭಿಪ್ರಾಯ ಕೇಳಿದರೆ ಹೊಸ ನುಡಿಸುವ ರೀತಿ ಸಿಗುತ್ತದೆ ಅಂದರೆ ಅಪ್‌ಗ್ರೇಡಿಗೆ ದುಡ್ಡು ಹಾಕಬಹುದು. ಬರೀ ಮೈಕುಗಳಿಗೆ ಅಂದರೆ, ಕೆಲಸ ಕೊಡುವವರು ಅದನ್ನು ಕೇಳಿ ದುಡ್ಡು ಕೊಡುವ ತನಕ ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಸೋಲೊ ವಯಲಿನ್ ಲೈಬ್ರರಿ ಕೊಂಡರೆ ಹಾಡಿಗೆ ಜೀವ ಬರುತ್ತದೆ. ಅದಕ್ಕಿಂತ ಚಲೋ, ಊರಲ್ಲೇ ವಯಲಿನ್ ನುಡಿಸುವವರನ್ನು ಕರೆಸಿ ಲೈಬ್ರರಿಯ ಮೇಲೆ ಒಂದು ಸಾಲು ನಿಜವಾಗಿ ನುಡಿಸಿ. ಹಿಂದಿನ ನಲವತ್ತು ವಯಲಿನ್ನೂ ನಿಜ ಅನಿಸುತ್ತವೆ.

ಕಾಂಟ್ಯಾಕ್ಟ್ ವಿಷಯ ಬೇರೆಯೇ ಹೇಳಬೇಕು, ಯಾಕೆಂದರೆ ಅಗ್ಗದ ಲೈಬ್ರರಿ ಅಂತ ಹೋಗಿ ಸಿಕ್ಕಿಬೀಳುವುದು ಇಲ್ಲಿ. ಕಾಂಟ್ಯಾಕ್ಟ್ ಅನ್ನುವುದು ನೇಟಿವ್ ಇನ್‌ಸ್ಟ್ರುಮೆಂಟ್ಸ್ ಅವರ ಸಾಫ್ಟ್‌ವೇರ್. ಬಹಳಷ್ಟು ಕಂಪನಿಗಳ ಲೈಬ್ರರಿ ಅದರೊಳಗೆ ಕೂತು ನುಡಿಯುತ್ತದೆ. ಅದರಲ್ಲಿ ಎರಡು ರೂಪ. ಕಾಂಟ್ಯಾಕ್ಟ್ ಪ್ಲೇಯರ್ ಪುಕ್ಕಟೆ. ಪೂರ್ತಿ ಕಾಂಟ್ಯಾಕ್ಟಿಗೆ ದುಡ್ಡು. ಕೆಲವು ಲೈಬ್ರರಿಗಳು ಪ್ಲೇಯರಿನಲ್ಲೇ ನಡೆಯುತ್ತವೆ. ಉಳಿದವುಗಳನ್ನು ಪ್ಲೇಯರಿನಲ್ಲಿ ತೆರೆದರೆ 15 ನಿಮಿಷ ನುಡಿದು ನಿಂತುಹೋಗುತ್ತವೆ. 80 ಪರ್ಸೆಂಟ್ ಕಡಿತದಲ್ಲಿ ಕಣ್ಣು ಕುಕ್ಕುವ ಹಳೇ ಲೈಬ್ರರಿಗಳನ್ನು ನೋಡಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ "ಪೂರ್ತಿ ಕಾಂಟ್ಯಾಕ್ಟ್ ಬೇಕು" ಅಂತ ಇದೆಯಾ ಹುಡುಕಿ. ಇದ್ದರೆ ಆ 30 ಡಾಲರಿನ ಲೈಬ್ರರಿಯ ಹಿಂದೆ ಅದರ ಎಷ್ಟೋ ಪಟ್ಟು ಬೆಲೆಯ ಸಾಫ್ಟ್‌ವೇರ್ ನಿಂತಿದೆ. ಇನ್ನೊಂದು ಸಾಲೂ ನೋಡಿ: ಯಾವ ವರ್ಷನ್ನಿನಿಂದ ಮೇಲೆ ಬೇಕು ಅಂತ. ಹೊಸ ಲೈಬ್ರರಿಗಳು ಹಳೇ ಕಾಂಟ್ಯಾಕ್ಟಿನಲ್ಲಿ ತೆರೆಯುವುದಿಲ್ಲ. ಪ್ಲೇಯರ್ ಬಳಸುವವರಿಗೆ ಈ ತಲೆನೋವು ಇಲ್ಲ, ಹೊಸ ಪ್ಲೇಯರ್ ಯಾವತ್ತೂ ಪುಕ್ಕಟೆಯೇ. ಪೂರ್ತಿ ಕಾಂಟ್ಯಾಕ್ಟ್ ಇದ್ದವರು ಅಪ್‌ಡೇಟಿಗೆ ದುಡ್ಡು ಕೊಡಬೇಕು. ಅದಕ್ಕೆ ಅರ್ಧ ಬೆಲೆಯ ಸೇಲ್ ಬಂದುಹೋಗಿರುವುದು ಎಷ್ಟೋ ಸಲ, ಹಾಗಾಗಿ ಹೊಸ ವರ್ಷನ್ ಬಂದ ದಿನವೇ ಓಡಬೇಕಾಗಿಲ್ಲ.

ಅದೇ ಕಂಪನಿಯ ಕೀಬೋರ್ಡ್ ಕೊಂಡರೆ ಜೊತೆಗೆ ಸಾಫ್ಟ್‌ವೇರಿನ ಸಣ್ಣ ಗಂಟು ಬರುವುದುಂಟು. ಅಲ್ಲಿಂದ "ಕಂಪ್ಲೀಟ್" ಅನ್ನುವ ದೊಡ್ಡ ಬಂಡಲಿಗೆ ಏರುವ ಬೆಲೆ, ಹೊಸದಾಗಿ ಕೊಳ್ಳುವ ಬೆಲೆಗಿಂತ ಎಷ್ಟೋ ಕಡಿಮೆ. ಹಾಗಾಗಿ ಕೀಬೋರ್ಡ್ ಬೇಕಾಗಿದ್ದವರು ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಲಾಭ ಕಾಣುತ್ತದೆ. ಆದರೆ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಸೆಕೆಂಡ್ ಹ್ಯಾಂಡ್ ತಂದರೆ ಈ ಲೆಕ್ಕ ಹಾಕುವ ಮುಂಚೆ ಹುಷಾರು. ಆ ಸೀರಿಯಲ್ ನಂಬರನ್ನು ಮೊದಲ ಮಾಲೀಕರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿರುತ್ತಾರೆ. ಅವರು ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿ ಕೊಡದಿದ್ದರೆ ನಿಮಗೆ ಸಿಗುವುದು ಕೀಗಳು ಮಾತ್ರ. ಲೈಬ್ರರಿಗಳ ಮರುಮಾರಾಟ ಇನ್ನೂ ಕಷ್ಟ. ಬಹಳ ಕಂಪನಿಗಳು ಅದಕ್ಕೆ ಒಪ್ಪುವುದಿಲ್ಲ. ನೀವು ಕೊಳ್ಳುವುದು ಬಳಸುವ ಲೈಸೆನ್ಸ್. ಬೇಡವಾದರೆ ಮಾರಿ ದುಡ್ಡು ಮಾಡಿಕೊಳ್ಳೋಣ ಅಂದುಕೊಂಡಿದ್ದರೆ ಆ ಆಸೆ ಬಿಡಿ.

ಸೇಲ್ ಯಾವಾಗ ಬರುತ್ತದೆ? ಅತಿ ದೊಡ್ಡದು ಬ್ಲ್ಯಾಕ್ ಫ್ರೈಡೆ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರದ ಮರುದಿನ. ಈಗ ಅದು ಒಂದು ದಿನದ ಮಾತಲ್ಲ, ತಿಂಗಳೆಲ್ಲ ಎಳೆಯುತ್ತದೆ, ಡಿಸೆಂಬರಿನ ಕ್ರಿಸ್‌ಮಸ್ ಸೇಲ್ ಬಂದು ಕೈಹಿಡಿಯುತ್ತದೆ. ವಸಂತದಲ್ಲಿ ಈಸ್ಟರ್ ಸುತ್ತಮುತ್ತ ಒಂದು, ನಡು ವರ್ಷದಲ್ಲಿ ಬೇಸಿಗೆ ಸೇಲ್ ಅಂತ ಒಂದು. ಅಲ್ಲಿಯ ಬೇಸಿಗೆ ಅಂದರೆ ನಮಗೆ ಮಳೆಗಾಲ. ಇದರ ಹೊರಗೆ ಹೊಸ ಲೈಬ್ರರಿ ಬಿಡುಗಡೆ ಆದಾಗ ಪರಿಚಯದ ಬೆಲೆ ಇರುತ್ತದೆ. ಕೆಲವು ವಾರ ಕಡಿಮೆ, ಆಮೇಲೆ ಪೂರ್ತಿ. "ಇನ್ನು 3 ದಿನ ಮಾತ್ರ" ಅಂತ ಗಡಿಯಾರ ಓಡುವುದು ಆಗಲೇ. ಆ ಗಡಿಯಾರ ಸುಳ್ಳಲ್ಲ, ಆದರೆ ಅದಕ್ಕೆ ಹೆದರಬೇಕಾದದ್ದೂ ಇಲ್ಲ. ಒಂದು ವರ್ಷದೊಳಗೆ ಅದೇ ಬೆಲೆ ಸೇಲ್‌ನಲ್ಲಿ ಮತ್ತೆ ಬರುವುದು ಸಾಮಾನ್ಯ. ಮೊದಲ ದಿನಗಳ ತಪ್ಪುಗಳನ್ನೂ ಅಷ್ಟರಲ್ಲಿ ತಿದ್ದಿರುತ್ತಾರೆ.

ನಮ್ಮ ಕಡೆಯ ತೊಂದರೆ ಏನೆಂದರೆ ಅವರ ಸೇಲ್ ಬರುವಾಗ ನಮ್ಮ ಕೈಯಲ್ಲಿ ದುಡ್ಡಿರುವುದಿಲ್ಲ. ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆ ಕಳೆದ ಮೇಲೆ. ಅದಕ್ಕೆ ಹಾಡು ಮಾಡಿಸುವವರು ಫೆಬ್ರವರಿಯಲ್ಲಿ ಬರುತ್ತಾರೆ. ಗಣೇಶ ಚೌತಿ, ದಸರೆಗೆ ಮತ್ತೊಂದು ಸುತ್ತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಸುತ್ತಲೂ ಒಂದಿಷ್ಟು ಕೆಲಸ. ದಸರೆಯ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟರೆ ನವೆಂಬರಿಗೆ ಆಗುತ್ತದೆ. ಜಾತ್ರೆಗೆ ಅಂತ ಫೆಬ್ರವರಿಯಲ್ಲಿ ಲೈಬ್ರರಿ ಕಂಪನಿಯ ಸೈಟ್ ತೆರೆದು ಕೂತರೆ ಪೂರ್ತಿ ಬೆಲೆ ಗ್ಯಾರಂಟಿ.

ಡಾಲರ್ ಬೆಲೆ ಅಂದರೆ ರೂಪಾಯಿ ಬೆಲೆ ಅಲ್ಲ. ಇದನ್ನು ಮರೆತವರು ಬ್ಯಾಂಕಿನ ಮೆಸೇಜ್ ನೋಡಿ ಬೆಚ್ಚುತ್ತಾರೆ. ಮೇಲಿನ 240 ಡಾಲರನ್ನೇ ತೆಗೆದುಕೊಳ್ಳಿ. ಡಾಲರಿಗೆ 90 ರೂಪಾಯಿ ಅಂತ ಇಟ್ಟುಕೊಂಡರೆ 21,600. ಹೊರದೇಶದಿಂದ ಡಿಜಿಟಲ್ ಸಾಮಾನು ಕೊಂಡರೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಕೆಲವು ಸೈಟುಗಳು ಅದನ್ನು ಕೊನೆಯ ಪುಟದಲ್ಲಿ ಸೇರಿಸುತ್ತವೆ. ಸೇರಿಸಿದರೆ 25,488 ಆಯಿತು. ಅದರ ಮೇಲೆ ಕಾರ್ಡಿನವರ ವಿದೇಶಿ ವಿನಿಮಯ ಶುಲ್ಕ. 3.5 ಪರ್ಸೆಂಟ್ ಅಂದರೆ 892 ರೂಪಾಯಿ, ಆ ಶುಲ್ಕದ ಮೇಲೂ ಜಿಎಸ್‌ಟಿ 161. ಎಲ್ಲ ಸೇರಿ ಸುಮಾರು 26,500. ಅಂದರೆ ನೀವು ಮನಸ್ಸಿನಲ್ಲಿ ಅಂದುಕೊಂಡದ್ದಕ್ಕಿಂತ 4,900 ಜಾಸ್ತಿ. ವಿನಿಮಯ ಶುಲ್ಕ ಕಡಿಮೆ ಇರುವ ಕಾರ್ಡುಗಳೂ ಇವೆ. ಒಂದು ಫೋನ್ ಮಾಡಿ ಕೇಳಿದರೆ ಗೊತ್ತಾಗುತ್ತದೆ. ವ್ಯಾಪಾರಕ್ಕೆ ಜಿಎಸ್‌ಟಿ ನಂಬರ್ ಮಾಡಿಸಿದವರ ಲೆಕ್ಕ ಬೇರೆ, ಅವರು ತಮ್ಮ ಅಕೌಂಟೆಂಟರನ್ನು ಕೇಳಲಿ. ಡೆಬಿಟ್ ಕಾರ್ಡಿನಲ್ಲಿ ಕೊಳ್ಳುವವರು ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಇದೆಯಾ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಸೇಲಿನ ಕೊನೆಯ ರಾತ್ರಿ ಹನ್ನೊಂದೂವರೆಗೆ ಇದು ಗೊತ್ತಾದರೆ ಬಹಳ ಸಂಕಟ.

ಕೊಳ್ಳುವ ಬದಲು ಬಾಡಿಗೆಗೆ ತಗೊಂಡರೆ? ಈಸ್ಟ್‌ವೆಸ್ಟ್‌ನ ಕಂಪೋಸರ್‌ಕ್ಲೌಡ್ ಹಾಗೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಅವರ ಲೈಬ್ರರಿಗಳೆಲ್ಲ ಬಳಸಬಹುದು. ಒಂದು ಕಿರುಚಿತ್ರಕ್ಕೆ ಎರಡು ತಿಂಗಳು ದೊಡ್ಡ ಆರ್ಕೆಸ್ಟ್ರಾ ಬೇಕು, ಆಮೇಲೆ ಬೇಡ ಅನ್ನುವವರಿಗೆ ಇದೇ ಸರಿ. ತಿಂಗಳು ಕಟ್ಟುವುದು ನಿಲ್ಲಿಸಿದ ದಿನ ಹಳೇ ಪ್ರಾಜೆಕ್ಟ್ ತೆರೆದರೆ ವಯಲಿನ್ ಇರುವುದಿಲ್ಲ. ಹಾಗಾಗಿ ಮುಗಿಸುವ ಮುಂಚೆ ಪ್ರತಿ ವಾದ್ಯವನ್ನೂ ಬೇರೆ ಬೇರೆ ಆಡಿಯೊ ಫೈಲ್ ಮಾಡಿ ಇಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ಇನ್ನೊಂದು ತೊಡಕು. 2021ರ ಅಕ್ಟೋಬರಿನಿಂದ ಕಾರ್ಡಿನಿಂದ ತಾನೇ ತಾನಾಗಿ ದುಡ್ಡು ಕಡಿತ ಆಗಲು ಇ-ಮ್ಯಾಂಡೇಟ್ (ಮುಂದಿನ ಕಡಿತಗಳಿಗೆ ಮೊದಲೇ ಕೊಡುವ ಒಪ್ಪಿಗೆ) ನೋಂದಣಿ ಬೇಕು. ಅದಕ್ಕೆ ಹೊಂದಿಕೊಳ್ಳದ ಕಡೆ ಎರಡನೇ ತಿಂಗಳೇ ಪೇಮೆಂಟ್ ಫೇಲ್ ಆಗುತ್ತದೆ. ಸಾಧ್ಯವಿದ್ದರೆ ವರ್ಷದ್ದು ಒಮ್ಮೆಲೇ ಕಟ್ಟುವುದು ಲೇಸು, ಅದೂ ಸೇಲ್‌ನಲ್ಲಿ.

ಡಿಸ್ಕಿನ ಖರ್ಚನ್ನು ಯಾರೂ ಬೆಲೆಗೆ ಸೇರಿಸುವುದಿಲ್ಲ. 600 ಜಿಬಿ ಲೈಬ್ರರಿಗೆ ಒಂದು ಟಿಬಿ ಎಸ್‌ಎಸ್‌ಡಿ ಮೀಸಲು. 40 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಪೂರ್ತಿ ವೇಗದಲ್ಲಿ ಓಡಿದರೂ ಡೌನ್‌ಲೋಡಿಗೆ 33 ತಾಸು ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಅದು ಇನ್ನೂ ಎಳೆಯುತ್ತದೆ. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ವಿದ್ಯಾರ್ಥಿಗಳು, ಶಿಕ್ಷಕರು ಯಾವ ಸೇಲಿಗೂ ಕಾಯಬೇಕಾಗಿಲ್ಲ. ಬಹಳ ಕಂಪನಿಗಳಲ್ಲಿ ಅವರಿಗೆ ಬೇರೆಯೇ ಬೆಲೆ ಇದೆ. ಕಾಲೇಜಿನ ಐಡಿ ಕಾರ್ಡ್ ಅಥವಾ ಕಾಲೇಜಿನ ಇಮೇಲ್ ಕೇಳುತ್ತಾರೆ. ಕೇಳುವ ಮುಂಚೆ ಎರಡು ವಿಷಯ ಓದಿಕೊಳ್ಳಿ: ಆ ಲೈಸೆನ್ಸಿನಲ್ಲಿ ದುಡ್ಡಿನ ಕೆಲಸ ಮಾಡಬಹುದಾ, ಮುಂದೆ ಅಪ್‌ಗ್ರೇಡ್ ಬೆಲೆ ಸಿಗುತ್ತದಾ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ.

ಇನ್ನು ನೀವು ಪೂರ್ತಿ ಬೆಲೆ ಕೊಟ್ಟು ಕೊಂಡ ಎರಡು ದಿನಕ್ಕೆ ಸೇಲ್ ಶುರುವಾಯಿತು ಅಂತಿಟ್ಟುಕೊಳ್ಳಿ. ಸುಮ್ನೆ ಕೂರಬೇಡಿ. ಆರ್ಡರ್ ನಂಬರ್ ಹಾಕಿ ಸಪೋರ್ಟಿಗೆ ನಾಲ್ಕು ಸಾಲು ಬರೆಯಿರಿ. ವ್ಯತ್ಯಾಸದ ದುಡ್ಡಿಗೆ ವೋಚರ್ ಕೊಡುವವರು ಇದ್ದಾರೆ. ಡೌನ್‌ಲೋಡ್ ಶುರು ಮಾಡಿದ ಮೇಲೆ ದುಡ್ಡು ವಾಪಸ್ ಬರುವುದು ಮಾತ್ರ ಕಷ್ಟ. ಆದ್ದರಿಂದ ನವೆಂಬರ್ ಹತ್ತಿರ ಇದ್ದಾಗ ಅವಸರಕ್ಕೆ ಏನಾದರೂ ಕೊಂಡರೆ, ನಿಜವಾಗಿ ಬೇಕಾಗುವ ದಿನದ ತನಕ ಡೌನ್‌ಲೋಡ್ ಬಟನ್ ಮುಟ್ಟದಿರುವುದು ಚಲೋ.